ನೆರೆ ಇಳಿದ ಮೇಲೆ ಒಂದು ಬಕೆಟ್ ನೀರು, ಒಂದು ತುಂಡು ಸಾಬೂನು

ಪ್ರವಾದಿ ಮುಹಮ್ಮದ್(ಸ)ರವರು ಒಮ್ಮೆ ಕೊಳೆಯಾದ ಬಟ್ಟೆ ಉಟ್ಟಿದ್ದ ಒಬ್ಬ ವ್ಯಕ್ತಿಯನ್ನು ಕಂಡರು. ಬಟ್ಟೆ ಒಗೆದುಕೊಳ್ಳಲು ಇವನಿಗೆ ಏನೂ ಸಿಗಲಿಲ್ಲವೇ ಎಂದು ಕೇಳಿದರು. ಹಝ್ರತ್ ಜಾಬಿರ್(ರ) ವರದಿ ಮಾಡಿದ ಈ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಅನುಕೂಲವಿದ್ದೂ ಶುಚಿತ್ವದ ಬಗ್ಗೆ ಉದಾಸೀನ ತೋರುವವರಿಗೆ ಇದೊಂದು ಎಚ್ಚರಿಕೆ ಎಂದು ನಾವೆಲ್ಲ ಖುತ್ಬಾಗಳಲ್ಲಿ ಕೇಳಿದ್ದೇವೆ. ಅದು ಸರಿಯೇ. ಆದರೆ ಮನೆ ಕೊಚ್ಚಿಹೋಗಿ, ಬಾವಿಗೆ ಕೆಸರು ತುಂಬಿ, ಉಟ್ಟ ಬಟ್ಟೆಯಲ್ಲೇ ಶಾಲೆಯ ಜಗಲಿಯಲ್ಲಿ ಹತ್ತು ದಿನ ಕಳೆಯುವವರ ಮುಂದೆ ನಿಂತು ಇದೇ ಪ್ರಶ್ನೆ ಕೇಳಿದರೆ ಉತ್ತರವೇನು? ಅವರಿಗೆ ನಿಜಕ್ಕೂ ಏನೂ ಸಿಕ್ಕಿರುವುದಿಲ್ಲ. ಆಗ ಆ ಪ್ರಶ್ನೆ ಅವರದಲ್ಲ, ನೋಡುತ್ತಿರುವವರದ್ದಾಗುತ್ತದೆ.

ನೆರೆ, ಭೂಕಂಪ, ಸಾಂಕ್ರಾಮಿಕ ರೋಗ ಬಂದಾಗ ಅನ್ನ ಕೊಡಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಹೊದಿಕೆ ಕೊಡಬೇಕೆಂಬುದೂ ಹೊಳೆಯುತ್ತದೆ. ಶೌಚಾಲಯ, ಸಾಬೂನು, ಬಟ್ಟೆ ಒಗೆಯುವ ಜಾಗ, ಒಣಹಾಕುವ ಹಗ್ಗ ಇವು ಮಾತ್ರ ಪಟ್ಟಿಯ ಕೊನೆಗೆ ಬರುತ್ತವೆ, ಅಥವಾ ಬರುವುದೇ ಇಲ್ಲ. ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ವಿಪತ್ತಿನಲ್ಲಿ ಬದುಕಿ ಉಳಿದವರು ಆಮೇಲೆ ಸತ್ತದ್ದು ಹೆಚ್ಚಾಗಿ ಈ ಕೊನೆಯ ಸಾಲಿನ ವಸ್ತುಗಳು ಇಲ್ಲದ್ದರಿಂದ.

ರೂಮಾ ಬಾವಿ

ಮಕ್ಕಾದಿಂದ ಹೊರಟು ಮದೀನಾ ತಲುಪಿದ ಮುಹಾಜಿರ್‌ಗಳು ಮನೆಮಾರು ಕಳೆದುಕೊಂಡು ಬಂದವರು. ಅಲ್ಲಿ ಅವರಿಗೆ ಎದುರಾದ ಕಷ್ಟಗಳಲ್ಲಿ ಸಿಹಿ ನೀರಿನದ್ದೂ ಒಂದು. ರೂಮಾ ಎಂಬ ಬಾವಿಯ ನೀರು ಚೆನ್ನಾಗಿತ್ತು, ಆದರೆ ಹಣ ಕೊಡದೆ ಸಿಗುತ್ತಿರಲಿಲ್ಲ. ಅದನ್ನು ಕೊಂಡು ಜನರಿಗೆ ಬಿಟ್ಟುಕೊಡುವವರು ಯಾರೆಂದು ಪ್ರವಾದಿ(ಸ)ರವರು ಕೇಳಿದಾಗ ಹಝ್ರತ್ ಉಸ್ಮಾನ್(ರ) ತಮ್ಮ ಸ್ವಂತ ಹಣದಿಂದ ಕೊಂಡು ವಕ್ಫ್ ಮಾಡಿದರು. ಇದರಲ್ಲಿ ಒಂದು ಷರತ್ತು ಇತ್ತು. ಕೊಂಡವನ ಬಿಂದಿಗೆಗೂ ಉಳಿದ ಮುಸ್ಲಿಮರ ಬಿಂದಿಗೆಗೂ ಆ ಬಾವಿಯಲ್ಲಿ ಸಮಾನ ಹಕ್ಕು ಇರಬೇಕು, ದಾನಿಗೆ ಪ್ರತ್ಯೇಕ ಸಾಲು ಇರಬಾರದು.

ಕುಡಿಯುವ ನೀರಿನ ಜೊತೆ ಮಲಿನ ನೀರಿನ ಬಗ್ಗೆಯೂ ಪ್ರವಾದಿ(ಸ)ರವರ ಆದೇಶಗಳಿವೆ. ನಿಂತ ನೀರಿನಲ್ಲಿ ಮೂತ್ರ ವಿಸರ್ಜನೆಯನ್ನು ಅವರು ನಿಷೇಧಿಸಿದರು. ಜನ ನೀರಿಗೆ ಬರುವ ಜಾಗ, ನಡೆಯುವ ದಾರಿ, ವಿಶ್ರಮಿಸುವ ನೆರಳು ಈ ಮೂರೂ ಕಡೆ ಮಲ ವಿಸರ್ಜಿಸುವುದು ಶಾಪಕ್ಕೆ ಕಾರಣವಾಗುವ ಕೆಲಸವೆಂದು ಎಚ್ಚರಿಸಿದರು. ಕುರ್‌ಆನಿನ ಆರಂಭದ ಅವತೀರ್ಣಗಳಲ್ಲಿ ಒಂದಾದ ಮುದ್ದಸ್ಸಿರ್ ಅಧ್ಯಾಯದಲ್ಲಿಯೇ ಬಟ್ಟೆಯನ್ನು ಶುದ್ಧವಾಗಿಡುವ ಆಜ್ಞೆ ಬಂದಿದೆ. ಪ್ರವಾದಿ(ಸ)ರವರು ಮನೆಯಲ್ಲಿ ತಮ್ಮ ಬಟ್ಟೆಯ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದರೆಂದು ಹಝ್ರತ್ ಆಇಶಾ(ರ) ತಿಳಿಸಿದ್ದಾರೆ. ಬಟ್ಟೆ ಒಗೆಯುವುದು ಕೀಳು ಕೆಲಸ ಎಂಬ ಭಾವನೆಗೆ ದೀನ್‌ನಲ್ಲಿ ಎಡೆಯಿಲ್ಲ ಎನ್ನಲು ಇಷ್ಟು ಸಾಕು.

ಲಿವರ್‌ಪೂಲ್‌ನ ಒಂದು ಹಂಡೆ

ಈಗ ಕಾಲ ಮತ್ತು ದೇಶ ಎರಡನ್ನೂ ದಾಟಿ 1832ರ ಇಂಗ್ಲೆಂಡಿಗೆ ಹೋಗೋಣ. ವಿಪತ್ತಿನ ನಡುವೆ ಬಟ್ಟೆ ಒಗೆಯುವುದೇ ಒಂದು ಸೇವೆಯಾಗಿ ಬೆಳೆದ ಕಥೆ ಲಿವರ್‌ಪೂಲ್ ಬಂದರಿನಲ್ಲಿ ನಡೆಯಿತು. ಅದನ್ನು ಆರಂಭಿಸಿದಾಕೆ ಒಬ್ಬ ಬಡ ಹೆಂಗಸು.

ಆ ವರ್ಷ ಅಲ್ಲಿ ಕಾಲರಾ ಹಬ್ಬಿತು. 4,977 ಮಂದಿಗೆ ರೋಗ ತಗುಲಿತು, 1,523 ಮಂದಿ ಸತ್ತರು. ಕೆಲಸ ಹುಡುಕಿಕೊಂಡು ಐರ್ಲೆಂಡಿನಿಂದ ಬಂದ ಬಡವರು ನೆಲಮಾಳಿಗೆಯ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ಗಾಳಿ ಇಲ್ಲ, ಚರಂಡಿ ಇಲ್ಲ, ಮನೆಯೊಳಗೆ ನೀರಿಲ್ಲ. ರೋಗಿಯ ಹಾಸಿಗೆ ಬಟ್ಟೆಯನ್ನು ಒಗೆಯಲು ಬಿಸಿನೀರು ಕಾಯಿಸುವ ವ್ಯವಸ್ಥೆ ಯಾರ ಬಳಿಯೂ ಇರಲಿಲ್ಲ. ಮಲಿನವಾದ ಅದೇ ಹೊದಿಕೆಯ ಮೇಲೆ ಮರುದಿನ ಮನೆಯ ಮಗು ಮಲಗುತ್ತಿತ್ತು.

ಕಾಲರಾ ನೀರಿನಿಂದ ಹರಡುತ್ತದೆ ಎಂಬುದನ್ನು ಡಾ. ಜಾನ್ ಸ್ನೋ ಲಂಡನ್‌ನಲ್ಲಿ ತೋರಿಸಿಕೊಟ್ಟದ್ದು 1854ರಲ್ಲಿ. ರಾಬರ್ಟ್ ಕಾಕ್ ಅದರ ರೋಗಾಣುವನ್ನು ಗುರುತಿಸಿದ್ದು 1880ರ ದಶಕದಲ್ಲಿ. 1832ರಲ್ಲಿ ಯಾರಿಗೂ ಕಾರಣ ಗೊತ್ತಿರಲಿಲ್ಲ. ವೈದ್ಯರ ಮೇಲೆ ಜನರಿಗೆ ನಂಬಿಕೆಯೂ ಇರಲಿಲ್ಲ. ಆಸ್ಪತ್ರೆಗೆ ಒಯ್ದವರನ್ನು ಕೊಂದು, ಶವಗಳನ್ನು ಕೊಯ್ದು ನೋಡುತ್ತಾರೆಂಬ ವದಂತಿ ಹಬ್ಬಿ, ಮೇ ಕೊನೆಯಿಂದ ಜೂನ್‌ವರೆಗೆ ಲಿವರ್‌ಪೂಲ್‌ನ ಬೀದಿಗಳಲ್ಲಿ ಮತ್ತೆ ಮತ್ತೆ ಗಲಭೆಗಳಾದವು.

ಇಂಥ ದಿನಗಳಲ್ಲಿ ಡೆನಿಸನ್ ಬೀದಿಯ ಕಿಟ್ಟಿ ವಿಲ್ಕಿನ್ಸನ್ ಎಂಬಾಕೆ ತನ್ನ ಮನೆ ಬಾಗಿಲು ತೆರೆದಳು. ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕಡಲು ದಾಟಿ ಬಂದವಳು. ಆ ಪ್ರಯಾಣದಲ್ಲಿ ಹಡಗು ಅಪಘಾತಕ್ಕೆ ಸಿಕ್ಕಿ ಅವಳ ಪುಟ್ಟ ತಂಗಿ ನೀರುಪಾಲಾಗಿದ್ದಳು. ಹತ್ತಿ ಗಿರಣಿಯಲ್ಲಿ ದುಡಿದಳು. ನಾವಿಕನಾಗಿದ್ದ ಮೊದಲ ಗಂಡನನ್ನೂ ಕಡಲೇ ನುಂಗಿತು. ಬೇರೆಯವರ ಬಟ್ಟೆ ಒಗೆದು, ಮನೆಗೆಲಸ ಮಾಡಿ ಜೀವನ ನಡೆಸಿದಳು. ಅವಳ ಬಳಿ ಇದ್ದ ಆಸ್ತಿಯೆಂದರೆ ನೀರು ಕಾಯಿಸುವ ಒಂದು ಹಂಡೆ. ಇಡೀ ಬೀದಿಯಲ್ಲಿ ಅಂಥದ್ದು ಬೇರೆ ಇರಲಿಲ್ಲ.

ನೆರೆಯವರು ತಮ್ಮ ಬಟ್ಟೆ, ಹಾಸಿಗೆ ಹೊದಿಕೆಗಳನ್ನು ತಂದು ಅವಳ ಅಡುಗೆಮನೆಯಲ್ಲಿ ಒಗೆಯಬಹುದಿತ್ತು. ಕುದಿಯುವ ನೀರು, ಜೊತೆಗೆ ಬ್ಲೀಚಿಂಗ್ ಪುಡಿ. ಒಣಹಾಕಲು ಹಿಂದಿನ ಅಂಗಳ. ಇದಕ್ಕೆ ವಾರಕ್ಕೆ ಒಂದು ಪೆನ್ನಿ ಮಾತ್ರ ಪಡೆಯುತ್ತಿದ್ದಳು. ವೈದ್ಯರ ಬಂಡಿಗೆ ಕಲ್ಲೆಸೆದ ಅದೇ ನಗರದಲ್ಲಿ ಹೆಂಗಸರು ಬಟ್ಟೆಯ ಗಂಟು ಹೊತ್ತು ಅವಳ ಬಾಗಿಲಿಗೆ ಬಂದರು. ಏಕೆಂದರೆ ಅವಳು ನೆರೆಮನೆಯವಳು, ಅವರಂತೆಯೇ ಬಡವಳು. ಯಾರ ಬಟ್ಟೆ ಎಷ್ಟು ಮಲಿನವಾಗಿದೆ ಎಂದು ಮೂಗು ಮುರಿಯುವವಳಲ್ಲ. ರೋಗದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನೂ ಅವಳು ತನ್ನ ಮನೆಯಲ್ಲಿ ಸೇರಿಸಿಕೊಂಡಳು.

ಅವಳ ಕೆಲಸ ಕಂಡು ವಿಲಿಯಂ ರಾತ್‌ಬೋನ್ ಎಂಬ ವರ್ತಕರ ಮನೆತನ ಮತ್ತು ಊರಿನ ಒಂದು ದಾನಸಂಸ್ಥೆ ನೆರವಿಗೆ ಬಂದವು. ಹತ್ತು ವರ್ಷಗಳ ಬಳಿಕ, 1842ರ ಮೇ ತಿಂಗಳಲ್ಲಿ, ಲಿವರ್‌ಪೂಲ್‌ನ ಅಪ್ಪರ್ ಫ್ರೆಡ್ರಿಕ್ ಬೀದಿಯಲ್ಲಿ ಬಡವರಿಗಾಗಿ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆ ಎರಡೂ ಸೇರಿದ ಸಾರ್ವಜನಿಕ ಕಟ್ಟಡ ತೆರೆಯಿತು. 1846ರಲ್ಲಿ ಕಿಟ್ಟಿ ಮತ್ತು ಅವಳ ಗಂಡ ಟಾಮ್ ಅದರ ಮೇಲ್ವಿಚಾರಕರಾದರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಊರೂರಿನಲ್ಲಿ ಇಂಥ ಮನೆಗಳನ್ನು ಕಟ್ಟಲು ನಗರಸಭೆಗಳಿಗೆ ಅಧಿಕಾರ ಕೊಡುವ ಕಾಯ್ದೆ ಮಾಡಿತು. ಒಂದು ಅಡುಗೆಮನೆಯ ಹಂಡೆಯಿಂದ ಒಂದು ದೇಶದ ಕಾನೂನಿನವರೆಗೆ ಹದಿನಾಲ್ಕು ವರ್ಷ ಹಿಡಿಯಿತು. ಅವಳು 1860ರಲ್ಲಿ ತೀರಿಕೊಂಡಳು. ಲಿವರ್‌ಪೂಲ್‌ನ ಸೇಂಟ್ ಜಾರ್ಜ್ ಸಭಾಂಗಣದಲ್ಲಿ 2012ರಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು.

ಕಿಟ್ಟಿ ವಿಲ್ಕಿನ್ಸನ್ ಮುಸ್ಲಿಮಳಲ್ಲ. ಆದರೆ ಇರುವ ಒಂದೇ ಹಂಡೆಯನ್ನು ಎಲ್ಲರ ಹಂಡೆಯಾಗಿ ಮಾಡಿದ ಅವಳ ನಡೆಯಲ್ಲಿ ರೂಮಾ ಬಾವಿಯ ಪಾಠವನ್ನು ನಾವು ಕಾಣುತ್ತೇವೆ. ಒಳಿತು ಎಲ್ಲಿದ್ದರೂ ಅದನ್ನು ಗುರುತಿಸುವುದು ನಮ್ಮ ಹಿರಿಯರು ಕಲಿಸಿದ ರೀತಿ.

ಹಾಜಿಗಳ ದಾರಿಯಲ್ಲಿ

ಕಾಲರಾ ನಮ್ಮ ಚರಿತ್ರೆಯನ್ನೂ ಬಿಡಲಿಲ್ಲ. 1865ರ ಹಜ್ ಸಮಯದಲ್ಲಿ ಮಕ್ಕಾದಲ್ಲಿ ರೋಗ ಹಬ್ಬಿತು. ಆ ವರ್ಷ ಸೇರಿದ್ದ ಸುಮಾರು 90 ಸಾವಿರ ಹಾಜಿಗಳ ಪೈಕಿ 15 ಸಾವಿರದಷ್ಟು ಮಂದಿ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಹಿಂತಿರುಗುವ ಹಡಗುಗಳ ಮೂಲಕ ರೋಗ ಈಜಿಪ್ಟಿಗೂ ಅಲ್ಲಿಂದ ಯುರೋಪಿಗೂ ದಾಟಿತು. ಮರುವರ್ಷವೇ ಇಸ್ತಾಂಬುಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು.

ಅದರ ನಂತರ ಬಂದ ವ್ಯವಸ್ಥೆಗಳಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದ ಕ್ವಾರಂಟೈನ್ ನಿಲ್ದಾಣ ಮುಖ್ಯವಾದುದು. ಉಸ್ಮಾನಿಯಾ ಸರಕಾರ 1882ರಲ್ಲಿ ಇದನ್ನು ತೆರೆಯಿತು. ಮುಂಬಯಿ ಬಂದರಿನಿಂದ ಹೊರಟ ಭಾರತದ ಹಾಜಿಗಳು ಜಿದ್ದಾ ತಲುಪುವ ಮೊದಲು ಇಲ್ಲಿ ಇಳಿಯಬೇಕಿತ್ತು. ಸ್ನಾನ ಮಾಡಿಸುತ್ತಿದ್ದರು, ಬಟ್ಟೆಬರೆಯನ್ನು ಬಿಸಿ ಹಬೆಯ ಯಂತ್ರಕ್ಕೆ ಹಾಕಿ ರೋಗಾಣು ಮುಕ್ತಗೊಳಿಸುತ್ತಿದ್ದರು. ಉದ್ದೇಶ ಜೀವರಕ್ಷಣೆಯೇ. ಆದರೆ ಎಲ್ಲರೆದುರು ಬಟ್ಟೆ ಕಳಚಿ ಕೊಡಬೇಕಾದ ಸಂಕಟ, ಹಬೆಯಲ್ಲಿ ಹಾಳಾದ ಉಡುಪುಗಳು, ಕೈಯಿಂದ ಖರ್ಚಾಗುವ ಹಣ ಇವೆಲ್ಲ ಹಾಜಿಗಳ ಮನಸ್ಸನ್ನು ನೋಯಿಸಿದವು. ಕಮರಾನ್ ಎಂದರೆ ಹೆದರುವ ಹಾಗಾಯಿತು.

ಲಿವರ್‌ಪೂಲ್‌ನಲ್ಲಿ ಜನ ತಾವಾಗಿಯೇ ಬಟ್ಟೆ ತಂದರು, ಕಮರಾನ್‌ನಲ್ಲಿ ಅವರಿಂದ ಕಿತ್ತುಕೊಂಡಂತಾಯಿತು. ಎರಡು ಕಡೆಯೂ ಮಾಡಿದ್ದು ಬಟ್ಟೆ ಶುದ್ಧ ಮಾಡುವ ಕೆಲಸವೇ. ಮರ್ಯಾದೆ ಕಾಪಾಡಿದ ಕಡೆ ಅದು ನೆರವಾಯಿತು, ಕಾಪಾಡದ ಕಡೆ ಶಿಕ್ಷೆಯಂತೆ ತೋರಿತು. ನಮ್ಮ ದೀನ್‌ನಲ್ಲಿ ತಹಾರತ್ ಮತ್ತು ಹಯಾ, ಅಂದರೆ ಶುದ್ಧಿ ಮತ್ತು ಲಜ್ಜೆ, ಎರಡೂ ಈಮಾನ್‌ನ ಭಾಗ. ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬಾರದು.

ಗೋಮಾದ ಕರಿಕಲ್ಲು

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ವೈದ್ಯವಿಜ್ಞಾನ ಎಲ್ಲವನ್ನೂ ತಿಳಿದಿದ್ದ ಕಾಲದಲ್ಲಿ, ಅದೇ ಕಾಲರಾ ಮತ್ತೆ ಬಂತು. 1994ರ ಜುಲೈನಲ್ಲಿ ರುವಾಂಡಾದಿಂದ ಕೆಲವೇ ದಿನಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಗೋಮಾ ಎಂಬ ಊರಿಗೆ ಬಂದು ಬಿದ್ದರು. ಅದು ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿದ ನೆಲ. ಕರಿಕಲ್ಲಿನಂತೆ ಗಟ್ಟಿ. ಶೌಚಗುಂಡಿ ತೋಡಲು ಆಗಲಿಲ್ಲ, ಸತ್ತವರಿಗೆ ಗೋರಿ ತೋಡಲೂ ಆಗಲಿಲ್ಲ. ಜನ ಕಿವು ಸರೋವರದ ದಡದಲ್ಲೇ ಶೌಚಕ್ಕೆ ಹೋದರು, ಅದೇ ನೀರನ್ನು ಕುಡಿದರು. ಮೊದಲ ಒಂದು ತಿಂಗಳಲ್ಲೇ ಸುಮಾರು 50 ಸಾವಿರ ಮಂದಿ ಸತ್ತರು. ಮೊದಲು ಕಾಲರಾ, ನಂತರ ರಕ್ತಭೇದಿ. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರನ್ನು ನೀರು ಕೊಂದಿತು.

ಈ ದುರಂತ ಪರಿಹಾರ ಸಂಸ್ಥೆಗಳನ್ನು ಬೆಚ್ಚಿಬೀಳಿಸಿತು. ಎಷ್ಟು ಕೊಟ್ಟರೆ ಸಾಕು, ಎಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಲೆಕ್ಕ ಎಲ್ಲರಿಗೂ ಒಂದೇ ಇರಬೇಕೆಂದು 1997ರಲ್ಲಿ ಸ್ಫಿಯರ್ ಎಂಬ ಯೋಜನೆ ಶುರುವಾಯಿತು. ಅದರ ಕೈಪಿಡಿಯ ಕೆಲವು ಲೆಕ್ಕಗಳನ್ನು ಪ್ರತಿಯೊಂದು ಜಮಾಅತ್ ತಿಳಿದಿರುವುದು ಒಳ್ಳೆಯದು. ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಪ್ರತಿ 20 ಮಂದಿಗೆ ಒಂದು ಶೌಚಾಲಯ, ಹೆಂಗಸರಿಗೆ ಗಂಡಸರಿಗಿಂತ ಮೂರು ಪಟ್ಟು ಹೆಚ್ಚು. ಒಬ್ಬರಿಗೆ ತಿಂಗಳಿಗೆ 250 ಗ್ರಾಂ ಸ್ನಾನದ ಸಾಬೂನು, 200 ಗ್ರಾಂ ಬಟ್ಟೆ ಸಾಬೂನು. ಪ್ರತಿ 100 ಮಂದಿಗೆ ಬಟ್ಟೆ ಒಗೆಯುವ ಒಂದು ಜಾಗ. ಶೌಚಗುಂಡಿಗೂ ಬಾವಿಗೂ ನಡುವೆ ಕನಿಷ್ಠ 30 ಮೀಟರ್ ದೂರ. ಶೌಚದ ಬಳಿಕ ನೀರು ಬಳಸುವವರಿಗೆ ಹೆಚ್ಚುವರಿಯಾಗಿ ಒಂದೆರಡು ಲೀಟರ್, ಮಸೀದಿಗೆ ಬರುವವರಿಗೆ ತಲಾ 2ರಿಂದ 5 ಲೀಟರ್ ಎಂಬ ಲೆಕ್ಕವೂ ಅದರಲ್ಲಿದೆ. ನಮ್ಮ ಇಸ್ತಿಂಜಾ ಮತ್ತು ವಝೂವಿನ ಅಗತ್ಯವನ್ನು ಜಗತ್ತಿನ ಕೈಪಿಡಿಯೇ ಎಣಿಸಿದೆ.

ಸಾಬೂನು ಅಷ್ಟು ದೊಡ್ಡ ವಿಷಯವೇ ಎಂದು ಯಾರಾದರೂ ಕೇಳಬಹುದು. ಆಫ್ರಿಕದ ಮಲಾವಿ ದೇಶದಲ್ಲಿ ಮೊಝಾಂಬಿಕ್ ನಿರಾಶ್ರಿತರ ಶಿಬಿರವೊಂದರಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ಇದಕ್ಕೆ ಉತ್ತರ. ಮನೆಯಲ್ಲಿ ಸಾಬೂನು ಇದ್ದ ದಿನಗಳಲ್ಲಿ ಭೇದಿ ಪ್ರಕರಣಗಳು ಶೇ. 27ರಷ್ಟು ಕಡಿಮೆ ಇದ್ದವು. ಹೊಸ ಔಷಧವಿಲ್ಲ, ಯಂತ್ರವಿಲ್ಲ, ಬರೀ ಸಾಬೂನು.

ಹೈಟಿಯಲ್ಲಿ ಆದದ್ದು

ನೆರವಿಗೆ ಹೋದವರೇ ಅಜಾಗರೂಕರಾದರೆ ಏನಾಗುತ್ತದೆ ಎಂಬುದಕ್ಕೆ ಹೈಟಿ ಸಾಕ್ಷಿ. 2010ರ ಜನವರಿ 12ರಂದು ಅಲ್ಲಿ ಭೀಕರ ಭೂಕಂಪವಾಯಿತು. ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿತು. ಅದು ಶುರುವಾದದ್ದು ರಾಜಧಾನಿಯ ಕಿಕ್ಕಿರಿದ ಶಿಬಿರಗಳಲ್ಲಲ್ಲ, ದೂರದ ಹಳ್ಳಿಗಾಡಿನ ನದಿಯ ಬದಿಯಲ್ಲಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೆಲೆಯೊಂದರ ಶೌಚ ತ್ಯಾಜ್ಯ ಸರಿಯಾಗಿ ನಿರ್ವಹಣೆಯಾಗದೆ ನದಿ ಸೇರಿತ್ತು. ಆ ನದಿಯಲ್ಲೇ ಜನ ಬಟ್ಟೆ ಒಗೆಯುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಮುಂದಿನ ವರ್ಷಗಳಲ್ಲಿ 8 ಲಕ್ಷ ಮಂದಿಗೆ ರೋಗ ತಗುಲಿತು, ಸುಮಾರು 10 ಸಾವಿರ ಮಂದಿ ತೀರಿಕೊಂಡರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ.

ನೀರಿನ ಬಳಿ ಮಲ ವಿಸರ್ಜಿಸುವುದು ಶಾಪಕ್ಕೆ ಕಾರಣವೆಂದು ಪ್ರವಾದಿ(ಸ)ರವರು ಹೇಳಿದ್ದರ ಅರ್ಥ ಎಷ್ಟು ಆಳವಾದುದು ಎಂದು ಇಲ್ಲಿ ತಿಳಿಯುತ್ತದೆ. ನೂರು ಸ್ವಯಂಸೇವಕರು ಒಂದು ಊರಿಗೆ ಹೋದರೆ, ಅವರ ಶೌಚದ ವ್ಯವಸ್ಥೆ ಆ ಊರಿನ ಮೇಲೆ ಹೊರೆಯಾಗಬಾರದು. ಸಹಾಯ ಮಾಡುವ ನಿಯ್ಯತ್ ಎಷ್ಟೇ ಒಳ್ಳೆಯದಾದರೂ ಅದು ಎಚ್ಚರಿಕೆಗೆ ಬದಲಿಯಲ್ಲ.

ನಮ್ಮ ಬಳಿಯ ನೆರೆ

2018ರ ಆಗಸ್ಟ್ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಕೊಡಗಿನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. ಪಕ್ಕದ ಕೇರಳದಲ್ಲಿ ನೆರೆಯಿಂದ 400ಕ್ಕೂ ಹೆಚ್ಚು ಮಂದಿ ಸತ್ತರು, 10 ಲಕ್ಷಕ್ಕೂ ಹೆಚ್ಚು ಮಂದಿ ಶಿಬಿರ ಸೇರಿದರು. ನೀರು ಇಳಿದಾಗ ಮನೆಯೊಳಗೆ ಮೊಣಕಾಲುದ್ದ ಕೆಸರು, ಬಾವಿಯಲ್ಲಿ ಚರಂಡಿ ನೀರು, ಸತ್ತ ಪ್ರಾಣಿಗಳ ವಾಸನೆ. ಕೆಲವೇ ದಿನಗಳಲ್ಲಿ ಇಲಿಜ್ವರ ಕಾಣಿಸಿಕೊಂಡಿತು. ಇಲಿ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ನೀರು, ಕಾಲಿನ ಸಣ್ಣ ಗಾಯದ ಮೂಲಕವೂ ಈ ರೋಗವನ್ನು ಒಳಗೆ ಬಿಡುತ್ತದೆ. ಮನೆ ತೊಳೆಯಲು ಬರಿಗಾಲಲ್ಲಿ ಕೆಸರಿಗಿಳಿದವರಿಗೇ ಅಪಾಯ ಹೆಚ್ಚು. ಆರೋಗ್ಯ ಇಲಾಖೆ ಮುಂಜಾಗ್ರತೆಯ ಮಾತ್ರೆ ಹಂಚಿತು, ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸಿತು, ಬೂಟು ಕೈಗವಸು ಧರಿಸದೆ ಕೆಸರಿಗಿಳಿಯಬಾರದೆಂದು ಎಚ್ಚರಿಸಿತು.

ಆ ದಿನಗಳ ಒಂದು ದೃಶ್ಯವನ್ನು ನಮ್ಮ ಮಕ್ಕಳಿಗೆ ಹೇಳಬೇಕು. ವಯನಾಡಿನ ವೆಣ್ಣಿಯೋಡ್‌ನಲ್ಲಿ ಕೆಸರು ತುಂಬಿದ್ದ ವಿಷ್ಣು ದೇವಸ್ಥಾನದ ಆವರಣವನ್ನು ಮುಸ್ಲಿಂ ಯುವಕರು ತೊಳೆದುಕೊಟ್ಟರು. ಅದೇ ಆಗಸ್ಟ್ 22ರಂದು ಈದುಲ್ ಅಝ್‌ಹಾ. ತ್ರಿಶೂರ್ ಜಿಲ್ಲೆಯ ಮಾಳದ ಬಳಿ ಕೊಚ್ಚುಕಡವಿನ ಜುಮಾ ಮಸೀದಿಯಲ್ಲಿ ನೀರು ನಿಂತಿತ್ತು. ಹತ್ತಿರದ ರತ್ನೇಶ್ವರಿ ದೇವಸ್ಥಾನದವರು ತಮ್ಮ ಸಭಾಂಗಣವನ್ನು ಬಿಟ್ಟುಕೊಟ್ಟರು, ಮುಸ್ಲಿಮರು ಅಲ್ಲಿ ಈದ್ ನಮಾಝ್ ನಿರ್ವಹಿಸಿದರು. ಕೆಸರು ತೊಳೆಯುವ ಪೊರಕೆ ಯಾರ ಅಂಗಳ ಎಂದು ನೋಡಲಿಲ್ಲ.

ಜಮಾಅತ್‌ಗಳು ಮಾಡಬಹುದಾದದ್ದು

ಮಸೀದಿಯಲ್ಲಿ ಬೋರ್‌ವೆಲ್ ಇದೆ, ಮೇಲೆ ಟ್ಯಾಂಕ್ ಇದೆ, ವಝೂವಿನ ನಲ್ಲಿಗಳ ಸಾಲು ಇದೆ, ಶೌಚಾಲಯ ಇದೆ. ವಿಪತ್ತಿನ ದಿನ ಇಷ್ಟೆಲ್ಲ ಸಿದ್ಧವಿರುವ ಕಟ್ಟಡ ಊರಿನಲ್ಲಿ ಹೆಚ್ಚಿರುವುದಿಲ್ಲ. ಅಂಗಳದ ಮೂಲೆಯಲ್ಲಿ ನಾಲ್ಕು ಒಗೆಯುವ ಕಲ್ಲು ಹಾಕಿಸಿ, ಕೊಳೆನೀರು ಬಾವಿಯತ್ತ ಹೋಗದಂತೆ ಇಂಗುಗುಂಡಿ ತೋಡಿಸಿದರೆ ಸಾಮಾನ್ಯ ದಿನಗಳಲ್ಲಿ ಅದು ಮುಸಾಫಿರರಿಗೆ, ನೆರೆಯ ದಿನ ಇಡೀ ಊರಿಗೆ ಆಸರೆಯಾಗುತ್ತದೆ. ಹೆಂಗಸರಿಗೆ ಪ್ರತ್ಯೇಕ ದಾರಿ, ಪರದೆ, ನಿಗದಿತ ಸಮಯ ಇರಲೇಬೇಕು. ಬಾಗಿಲು ಎಲ್ಲ ಧರ್ಮದವರಿಗೂ ತೆರೆದಿರಬೇಕು.

ಸಾಮಗ್ರಿ ಕಟ್ಟುವಾಗ ಅಕ್ಕಿ ಬೇಳೆಯ ಜೊತೆ ಶುಚಿತ್ವದ ಒಂದು ಚೀಲ ಸೇರಿಸೋಣ. ಐದು ಮಂದಿಯ ಕುಟುಂಬಕ್ಕೆ ತಿಂಗಳಿಗೆ ಒಂದೂಕಾಲು ಕಿಲೋ ಸ್ನಾನದ ಸಾಬೂನು, ಒಂದು ಕಿಲೋ ಬಟ್ಟೆ ಸಾಬೂನು. ಮುಚ್ಚಳವಿರುವ ಬಕೆಟ್ ಒಂದು ಕುಡಿಯುವ ನೀರಿಗೆ, ಇನ್ನೊಂದು ಒಗೆಯಲು. ಒಂದು ಮಗ್, ಹತ್ತು ಮೀಟರ್ ಹಗ್ಗ, ಕ್ಲಿಪ್‌ಗಳು. ಹೆಂಗಸರಿಗೆ ಮುಟ್ಟಿನ ದಿನಗಳ ಪ್ಯಾಡ್ ಅಥವಾ ಹತ್ತಿಬಟ್ಟೆ, ಅದನ್ನು ಹೆಂಗಸರೇ ಹೆಂಗಸರ ಕೈಗೆ ಕೊಡಲಿ. ಬಟ್ಟೆ ತೊಳೆದರೂ ಬಿಸಿಲಿಗೆ ಒಣಹಾಕಲು ಮರೆಯ ಜಾಗ ಇಲ್ಲದೆ ಒದ್ದೆಯಾಗಿಯೇ ಬಳಸುವ ಕಷ್ಟವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕೇಳದೆಯೇ ಒಂದು ಚಾದರದ ಮರೆ ಕಟ್ಟಿಕೊಡುವುದು ನಮ್ಮ ಕೆಲಸ.

ಮುದುಕರು, ರೋಗಿಗಳು, ಬಾಣಂತಿಯರು ತಾವೇ ಒಗೆಯಲಾರರು. ಅವರ ಬಟ್ಟೆ ಒಗೆದುಕೊಡಲು ಒಂದು ತಂಡವಿರಲಿ. ಕೂಲಿಗೆ ಒಗೆಯುವವರನ್ನು ಕರೆದರೆ ಪೂರ್ತಿ ಕೂಲಿ ಕೊಡೋಣ, ವಿಪತ್ತಿನಲ್ಲಿ ಅವರೂ ಕೆಲಸ ಕಳೆದುಕೊಂಡಿರುತ್ತಾರೆ. ರೋಗಿಯ ಬಟ್ಟೆಯನ್ನು ಬೇರೆ ಇಟ್ಟು ಬಿಸಿನೀರಿನಲ್ಲಿ ಕುದಿಸಿ ಒಗೆಯಬೇಕು. ಒಗೆಯುವವರಿಗೆ ಕೈಗವಸು ಇರಬೇಕು. ಫೋಟೋ ತೆಗೆಯುವುದು ಬೇಡ. ಹರಕು ಉಡುಪಿನಲ್ಲಿ ನಿಂತ ತಾಯಿಯ ಚಿತ್ರ ಮೊಬೈಲಿನಲ್ಲಿ ಊರೂರು ಸುತ್ತಿದರೆ, ನಾವು ಕೊಟ್ಟ ಸಾಬೂನು ಆ ಅವಮಾನವನ್ನು ತೊಳೆಯಲಾರದು.

ಇವು ಯಾವುದೂ ಲಕ್ಷಾಂತರ ರೂಪಾಯಿಯ ಕೆಲಸವಲ್ಲ. ಕಿಟ್ಟಿ ವಿಲ್ಕಿನ್ಸನ್ ಬಳಿ ಇದ್ದದ್ದು ಒಂದು ಹಂಡೆ. ಮಳೆಗಾಲಕ್ಕೆ ಮೊದಲೇ ಜಮಾಅತ್ ಸಮಿತಿ ಒಮ್ಮೆ ಕುಳಿತು, ಟ್ಯಾಂಕ್‌ನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ, ಎಷ್ಟು ಮಂದಿಗೆ ಸಾಲುತ್ತದೆ, ಬಾವಿಗೂ ಶೌಚಗುಂಡಿಗೂ ಎಷ್ಟು ದೂರವಿದೆ, ಕರೆಂಟ್ ಹೋದರೆ ನೀರೆತ್ತುವುದು ಹೇಗೆ ಎಂದು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಬೇಕಾದದ್ದು ಇನ್ನೊಬ್ಬರ ಕೊಳೆಯನ್ನು ಕಂಡು ಮುಖ ತಿರುಗಿಸದ ಮನಸ್ಸು.

ಶುದ್ಧಿಯನ್ನು ಇಷ್ಟಪಡುವವರನ್ನು ಅಲ್ಲಾಹನು ಇಷ್ಟಪಡುತ್ತಾನೆ. ತಾನು ಶುದ್ಧನಾಗಿರುವುದರ ಜೊತೆಗೆ ಇನ್ನೊಬ್ಬನಿಗೂ ಶುದ್ಧನಾಗಿರಲು ದಾರಿ ಮಾಡಿಕೊಡುವವರ ಸಾಲಿನಲ್ಲಿ ಅವನು ನಮ್ಮನ್ನು ಸೇರಿಸಲಿ. ನೆರೆಯಲ್ಲಿ, ಭೂಕಂಪದಲ್ಲಿ, ರೋಗದಲ್ಲಿ ನಮ್ಮನ್ನು ಅಗಲಿದ ಎಲ್ಲರ ಕುಟುಂಬಗಳಿಗೆ ಸಹನೆ ನೀಡಲಿ. ಆಮೀನ್.